ಹಲ್ವಾರ್ ಯಾರಿಗೂ ಬರೆದುಕೊಡದ ಮನೆ

ಸ್ಕಾರ್ವೊಯ್ ದ್ವೀಪ
ಜೂನ್ ೧೧, ಗುರುವಾರ

ಪ್ರೀತಿಯ ತಮ್ಮ ಸ್ಟೈನಾರ್‌ಗೆ ಅಕ್ಕ ರಾಗ್ನಾ ಬರೆಯುತ್ತಿರುವುದು.

ಹೇಗಿದ್ದೀಯಪ್ಪ? ಸಿಗ್ನೆ ಹೇಗಿದ್ದಾಳೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ಮೊದಲಿನ ಹಾಗೆ ಬರೀ ಕಾಫಿಯಲ್ಲೇ ದಿನ ನೂಕುತ್ತೀಯೋ? ಸ್ಟಾವಂಗರ್‌ನಲ್ಲಿ ಬಿಡದೆ ಮಳೆ ಎಂದು ರೇಡಿಯೋದಲ್ಲಿ ಹೇಳುತ್ತಿದ್ದರು. ಇಲ್ಲಿ ಮಳೆಯಿಲ್ಲ, ಬರೀ ಗಾಳಿ. ನನ್ನ ಮಂಡಿ ನೀನು ನೋಡಿದಾಗ ಹೇಗಿತ್ತೋ ಹಾಗೇ ಇದೆ. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಳ್ಳಬೇಕು, ಇಳಿಯುವಾಗ ದೇವರನ್ನು ಹಿಡಿದುಕೊಳ್ಳಬೇಕು. ಹೊತ್ತು ಮುಳುಗದ ದಿನಗಳು ಶುರುವಾಗಿವೆ. ಪರದೆ ಎಳೆದರೂ ಬೆಳಕು ಸಂದಿಯಿಂದ ನುಗ್ಗುತ್ತದೆ, ನಿದ್ದೆ ಹತ್ತುವುದಿಲ್ಲ. ಇದೇ ಬೆಳಕಿನಲ್ಲಿ ನಾವು ಮೂವರೂ ದೋಣಿ ತೆಗೆದುಕೊಂಡು ಹೋದರೆ, ಅಮ್ಮ ದಡದಲ್ಲಿ ನಿಂತು ಕೂಗಿ ಕೂಗಿ ಗಂಟಲು ಹರಿದುಕೊಳ್ಳುತ್ತಿದ್ದಳಲ್ಲ. ಈಗ ನಮ್ಮ ಮೂವರಲ್ಲಿ ನಡುವಿನವನು, ಹಲ್ವಾರನೇ ಇಲ್ಲ. ಇರಲಿ.

ಫೋನ್ ಇರುವಾಗ ಅಕ್ಕ ಯಾಕೆ ಕಾಗದ ಬರೆಯುತ್ತಿದ್ದಾಳೆ ಅಂದುಕೊಳ್ಳುತ್ತೀಯ. ಫೋನಿನಲ್ಲಿ ನೀನು ನನಗೆ ಮಾತು ಮುಗಿಸಲು ಬಿಡುವುದಿಲ್ಲ ಕಣೋ. ಹೋದ ಭಾನುವಾರ ಹಲ್ವಾರನ ಮನೆಯ ವಿಷಯ ಎತ್ತಿದೆ. ನಾನು ಬಾಯಿ ತೆರೆಯುವ ಮೊದಲೇ, "ನೋಡಕ್ಕಾ, ಕಾನೂನು ಏನ್ ಹೇಳುತ್ತೋ ಅದನ್ನೇ ಮಾಡ್ತಿದೀವಿ, ನಾವೇನ್ ಕಳ್ಳತನ ಮಾಡ್ತಿದೀವಾ? ನಾಳೆ ಏಜೆಂಟ್ ಬರ್ತಾನೆ, ಬಾಗಿಲು ತೆಗೆದುಕೊಡು ಸಾಕು" ಅಂದೆ. ನಾನು "ಆಯ್ತಪ್ಪ" ಅಂದೆ. ಫೋನ್ ಇಟ್ಟ ಮೇಲೆ ಆ "ಆಯ್ತಪ್ಪ" ಎದೆಯ ಮೇಲೆ ಕೂತುಬಿಟ್ಟಿತು. ಕಾಗದವಾದರೆ ನಡುವೆ ಬಾಯಿ ಹಾಕಲು ನಿನ್ನಿಂದ ಆಗುವುದಿಲ್ಲ. ಕೊನೆಯವರೆಗೂ ಓದು.

ಅಂತ್ಯಕ್ರಿಯೆ ಮುಗಿದ ಮಧ್ಯಾಹ್ನವೇ ನೀನು ಫೆರಿ ಹತ್ತಿದೆ. ನಿನ್ನನ್ನು ದೂರುತ್ತಿಲ್ಲ. ಹಲ್ವಾರ್ ಎಂಜಿನ್ ಬಿಚ್ಚುತ್ತಾ ಕುಸಿದು ಪ್ರಾಣ ಬಿಟ್ಟ ಆ ದೋಣಿ ಕೊಟ್ಟಿಗೆಯ ಕಡೆ ನೀನು ಮುಖ ತಿರುಗಿಸಿಯೂ ನೋಡಲಿಲ್ಲ. ಅಲ್ಲಿರಲು ನಿನಗೆ ಆಗುತ್ತಿರಲಿಲ್ಲ ಎಂದು ನನಗೆ ಗೊತ್ತು. ಆಮೇಲೆ ಇಲ್ಲಿ ಏನೇನಾಯಿತು ಎಂಬುದು ಮಾತ್ರ ನಿನಗೆ ಗೊತ್ತಿಲ್ಲ. ಮೇ ತಿಂಗಳಲ್ಲಿ ನ್ಯಾಯಾಲಯದ ಕಚೇರಿಗೆ ಹೋಗಬೇಕಾಗಿ ಬಂತಲ್ಲ, ಯಾದ್ವಿಗಾ ನಾನೂ ಬರುತ್ತೇನೆ ಅಂದಳು. ಬಾ ಅಂದೆ. ಅವಳು ಹಲ್ವಾರನ ಜೊತೆ ಅಷ್ಟು ವರ್ಷ ಬಾಳಿದವಳು. ಮೀನಿನ ಕಾರ್ಖಾನೆಯ ಕೆಲಸಕ್ಕೆಂದು ಪೋಲೆಂಡಿನಿಂದ ಬಂದವಳು ಅವನ ಅಡುಗೆಮನೆಗೆ ಬಂದು ಸೇರಿದಾಗ ಅವಳ ತಲೆಯಲ್ಲಿ ಒಂದು ಬಿಳಿ ಕೂದಲಿರಲಿಲ್ಲ. ಅವತ್ತು ಇದ್ದುದರಲ್ಲಿ ಒಳ್ಳೆಯ ಕೋಟು ಹಾಕಿಕೊಂಡು, ತಲೆ ಬಾಚಿಕೊಂಡು, ಕಚೇರಿಯ ಮೇಜಿನ ಮುಂದೆ ನನ್ನ ಪಕ್ಕ ಕೂತಳು. ಅಲ್ಲಿದ್ದ ಹುಡುಗಿ ಬಹಳ ಮರ್ಯಾದಸ್ಥೆ. ನಮಗೆ ನೀರು ಕೊಟ್ಟಳು, ದುಃಖವಾಯಿತು ಅಂದಳು. ಆಮೇಲೆ ಯಾದ್ವಿಗಾಳನ್ನು ಕೇಳಿದಳು, "ತೀರಿಕೊಂಡವರಿಗೆ ನೀವೇನಾಗ್ಬೇಕು?" "ನಾನು ಅವರ ಜೊತೆಗಿದ್ದೆ" ಅಂದಳು ಇವಳು. "ಮದುವೆ ಆಗಿತ್ತಾ?" ಇಲ್ಲ. "ಮಕ್ಕಳು?" ಇಲ್ಲ. "ಉಯಿಲು ಏನಾದ್ರೂ ಬರೆದಿದ್ರಾ?" ಇಲ್ಲ. ಅಷ್ಟೇ ಸ್ಟೈನಾರ್. ಆ ಹುಡುಗಿ ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡು, "ಹಾಗಾದ್ರೆ ವಾರಸುದಾರರು ನೀವು ಮತ್ತು ನಿಮ್ಮ ತಮ್ಮ" ಅಂದಳು. ಅಲ್ಲಿಂದ ಹೊರಡುವವರೆಗೂ ಯಾರೂ ಯಾದ್ವಿಗಾಳ ಕಡೆ ನೋಡಲಿಲ್ಲ. ಯಾರೂ ಕೆಟ್ಟ ಮಾತಾಡಲಿಲ್ಲ. ಕೆಟ್ಟ ಮಾತಾಡಿದ್ದರೆ ನಾನಾದರೂ ಜಗಳ ಆಡುತ್ತಿದ್ದೆ.

ವಾಪಸು ಬರುವಾಗ ಫೆರಿಯಲ್ಲಿ ಅವಳೇ ಹೋಗಿ ಇಬ್ಬರಿಗೂ ಕಾಫಿ ತಂದಳು. ನನಗೆ ವಾಫಲ್ ಮೇಲೆ ಕಂದು ಚೀಸ್ ಹಾಕಿಸಿಕೊಂಡು ಬಂದಿದ್ದಳು. ನಾನು ಏನೋ ಸಮಾಧಾನ ಹೇಳಲು ಹೋದೆ. ಆ ಮನೆಯ ಮಾಡು ಹೊಸದಾಗಿ ಹಾಕಿಸಿದ್ದು ನಿನ್ನ ಸಂಬಳದಲ್ಲಿ, ಅಡುಗೆಮನೆ ಮಾಡಿಸಿದ್ದು ನೀನು, ರಸೀದಿಗಳಿದ್ದರೆ ವಕೀಲರು ವಾದ ಮಾಡಬಹುದಂತೆ ಅಂದೆ. ಅವಳು ಕಿಟಕಿಯ ಆಚೆ ಸಮುದ್ರ ನೋಡುತ್ತಾ, "ರಸೀದಿ ಎತ್ತಿಟ್ಕೊಂಡು ಯಾರಾದ್ರೂ ಸಂಸಾರ ಮಾಡ್ತಾರಾ ರಾಗ್ನಕ್ಕಾ?" ಅಂದಳು. ನಾನು ವಾಫಲ್ ತಿಂದೆ. ಬೇರೇನು ಮಾಡಲಿ?

ಹಲ್ವಾರ್ ಯಾಕೆ ಮದುವೆಯಾಗಲಿಲ್ಲ ಎಂದು ನೀನೂ ಎಷ್ಟೋ ಸಲ ಕೇಳಿದ್ದೀಯ. ಆಗುವುದಿಲ್ಲ ಎಂದು ಅವನು ಒಂದು ದಿನವೂ ಹೇಳಲಿಲ್ಲ. ಕಾಡ್ ಮೀನಿನ ಕಾಲ ಮುಗಿಯಲಿ ಅನ್ನುತ್ತಿದ್ದ. ಅದು ಮುಗಿದರೆ ಊರಿನವರ ದೋಣಿಗಳೆಲ್ಲ ರಿಪೇರಿಗೆ ಬಂದು ಸಾಲಾಗಿ ನಿಲ್ಲುತ್ತಿದ್ದವು. ಉಯಿಲಿನ ಮಾತು ನಾನೇ ಒಂದು ಸಲ ಎತ್ತಿದ್ದೆ, ನನ್ನ ಯಜಮಾನರು ತೀರಿಕೊಂಡ ವರ್ಷ. ಅವನು ಎಣ್ಣೆ ಮೆತ್ತಿದ ಕೈ ಒರೆಸಿಕೊಳ್ಳುತ್ತಾ ಹೊಟ್ಟೆ ಹಿಡಿದುಕೊಂಡು ನಕ್ಕ. "ನಾನೇನ್ ದೊಡ್ಡ ಜಮೀನ್ದಾರನಾ ಅಕ್ಕಾ, ಉಯಿಲು ಬರೆಯೋಕೆ? ನಾನ್ ಸತ್ರೆ ಮನೆ ಯಾದ್ವಿಗಾದು ಅಂತ ಊರಿಗೇ ಗೊತ್ತಲ್ಲ!" ಊರಿಗೆ ಗೊತ್ತಿತ್ತು. ಕಾನೂನಿಗೆ ಗೊತ್ತಿರಲಿಲ್ಲ, ಅದಕ್ಕೆ ಯಾರೂ ಹೇಳಿರಲಿಲ್ಲ.

ಊರಿನವರಾದರೂ ಈಗ ಹಾಗೆ ಅನ್ನುತ್ತಾರೆಯೇ? ಹಾಲು ತರಲು ಅಂಗಡಿಗೆ ಹೋದಾಗ ಮಾಗ್ನ್‌ಹಿಲ್ಡ್ ಗಲ್ಲಾದ ಹಿಂದಿನಿಂದಲೇ, ನಾಲ್ಕು ಜನ ಕೇಳುವ ಹಾಗೆ, "ಏನ್ ರಾಗ್ನಾ, ಅದೃಷ್ಟ ಖುಲಾಯಿಸ್ತಲ್ಲ! ಸಮುದ್ರದ ಕಡೆ ಕಿಟಕಿ ಇರೋ ಮನೆ, ದಕ್ಷಿಣದ ದುಡ್ಡಿನವರು ಬೇಸಿಗೆಮನೆಗೆ ಅಂತ ಬಾಯಿ ಬಾಯಿ ಬಿಡ್ತಾರೆ" ಅಂದಳು. ಯಾದ್ವಿಗಾ ಎಲ್ಲಿ ಹೋಗಬೇಕು ಎಂದು ನಾನು ಕೇಳಿದ್ದಕ್ಕೆ, "ಇಷ್ಟು ವರ್ಷ ಬಾಡಿಗೆ ಕೊಡದೆ ಇದ್ಲಲ್ಲ, ಇನ್ನೇನ್ ಬೇಕಂತೆ?" ಅಂದಳು. ನನ್ನ ಮುಖ ಕೆಂಪಾಯಿತು. ಆದರೂ ಏನೂ ಹೇಳದೆ ಹಾಲು ತೆಗೆದುಕೊಂಡು ಬಂದೆ. ಯಾಕೆ ಹೇಳಲಿಲ್ಲ ಗೊತ್ತಾ? ಅದನ್ನೂ ನಿನ್ನ ಹತ್ತಿರ ಮುಚ್ಚಿಡುವುದಿಲ್ಲ. ಕಚೇರಿಯಿಂದ ಬಂದಾಗಿನಿಂದ ನಾನೂ ನನ್ನ ಅರ್ಧ ಪಾಲನ್ನು ಮನಸ್ಸಿನಲ್ಲೇ ಖರ್ಚು ಮಾಡುತ್ತಿದ್ದೆ. ಕೆಳಗಡೆ ಒಂದು ಬಚ್ಚಲುಮನೆ ಕಟ್ಟಿಸಬಹುದು, ಮೆಟ್ಟಿಲಿನ ಕಾಟ ತಪ್ಪುತ್ತದೆ. ಮಗಳು ಎಲ್ಡ್ರಿದ್ ಟ್ರೊಮ್ಸೊದಲ್ಲಿ ಇನ್ನೂ ಬಾಡಿಗೆ ಮನೆಯಲ್ಲಿದ್ದಾಳೆ, ಅವಳಿಗೆ ಸ್ವಲ್ಪ ಕೊಡಬಹುದು. ಟೈಲ್ಸ್‌ನ ಬಣ್ಣ ಕೂಡ ಆರಿಸಿಯಾಗಿತ್ತು ಕಣೋ, ತಿಳಿ ಹಸಿರು. ನಾನು ಹೀಗೆ ಯೋಚಿಸುತ್ತಿರುವಾಗ ಯಾದ್ವಿಗಾ ನಮ್ಮ ಬಾಗಿಲಿಗೆ ಬಂದು, ಮೀನಿನ ಸೂಪು ಜಾಸ್ತಿ ಆಯಿತು ಎಂದು ಪಾತ್ರೆ ಇಟ್ಟು ಹೋದಳು.

ಇನ್ನು ಸೋಮವಾರದ ಕತೆ ಕೇಳು. ನೀನು ಕಳಿಸಿದ ಏಜೆಂಟ್ ಬಂದ. ಎಳೇ ಹುಡುಗ, ಬಂಡೆಯ ಮೇಲೆ ನಡೆಯಲು ಬಾರದ ನುಣುಪು ಬೂಟು. ಯಾದ್ವಿಗಾ ಹಿಂದಿನ ದಿನದಿಂದಲೇ ಮನೆ ತೊಳೆಯುತ್ತಿದ್ದಳು. ಕಿಟಕಿ ಗಾಜು ಉಜ್ಜಿ, ಪರದೆ ಒಗೆದು ಇಸ್ತ್ರಿ ಮಾಡಿ, ನೆಲಕ್ಕೆ ಸಾಬೂನು ಹಾಕಿ ತಿಕ್ಕಿ, ಏಲಕ್ಕಿ ಬನ್ ಬೇರೆ ಮಾಡಿಟ್ಟಿದ್ದಳು. ಇದೆಲ್ಲ ಯಾಕೆ ಎಂದು ಗದರಿದೆ. "ಗಲೀಜಾಗಿದ್ರೆ ನಿಮಗೆ ಒಳ್ಳೆ ಬೆಲೆ ಬರಲ್ಲ. ಹಲ್ವಾರ್ ಮನೆ ಅಂದ್ರೆ ಹೀಗಿತ್ತಾ ಅಂತ ಯಾರೂ ಅನ್ನಬಾರ್ದು" ಅಂದಳು. ಆ ಹುಡುಗ ಕೋಣೆ ಕೋಣೆಗೂ ಹೋಗಿ ಫೋಟೋ ತೆಗೆದ. ನಮ್ಮಿಬ್ಬರಲ್ಲಿ ಮನೆಯವರು ಯಾರು ಎಂದು ಅವನಿಗೆ ನೀನು ಹೇಳಿದ್ದೆ ಅನಿಸುತ್ತದೆ, ಏಕೆಂದರೆ ನನ್ನನ್ನೇ ನೋಡಿ, "ನಿಮ್ಮ ಕೆಲಸದವರು ಮನೇನ ತುಂಬಾ ಚೆನ್ನಾಗಿ ಇಟ್ಟಿದಾರೆ ಮೇಡಂ" ಅಂದ. ಯಾದ್ವಿಗಾ ನಕ್ಕಳು. "ಬನ್ ತಗೊಳ್ಳಿ, ಬಿಸಿಯಾಗಿದೆ" ಅಂದಳು. ಮಲಗುವ ಕೋಣೆಗೆ ಹೋದವನು, ಮಂಚದ ಕೆಳಗಿದ್ದ ಹಲ್ವಾರನ ಚಪ್ಪಲಿಗಳನ್ನು ತೋರಿಸಿ, ಇಂಥ ಸ್ವಂತದ ಸಾಮಾನು ಕಾಣಿಸಿದರೆ ಕೊಳ್ಳುವವರಿಗೆ ಇಷ್ಟವಾಗುವುದಿಲ್ಲ, ತೆಗೆಯಬಹುದಾ ಎಂದು ಕೇಳಿದ. ಅವಳು ಬಗ್ಗಿ ಎತ್ತಿಕೊಂಡಳು. ಅವನ್ನು ಎಲ್ಲಿಡಬೇಕು ಎಂದು ತೋಚಲಿಲ್ಲ ಅವಳಿಗೆ. ಅವನು ಹೋಗುವವರೆಗೂ ಕೈಯಲ್ಲೇ ಹಿಡಿದುಕೊಂಡು ಮನೆಯೆಲ್ಲ ಅವನ ಹಿಂದೆ ನಡೆದಳು.

ಕೊನೆಗೆ ಹಿತ್ತಲಿಗೆ ಬಂದೆವು. ಅಲ್ಲಿ ಅವಳು ಗಾಳಿಗೆ ಅಡ್ಡವಾಗಿ ಕಲ್ಲು ಜೋಡಿಸಿ ಬೆಳೆಸಿದ ಕಪ್ಪು ಬೆರಿ ಗಿಡಗಳಿವೆಯಲ್ಲ, ಪ್ರತಿ ವರ್ಷ ನಿನಗೆ ಜ್ಯಾಮ್ ಬಾಟಲಿ ಕಳಿಸುತ್ತಿದ್ದುದು ಅವುಗಳದೇ. ಅಷ್ಟು ಹೊತ್ತೂ ಏನೂ ಕೇಳದವಳು ಆಗ ಕೇಳಿದಳು. "ಈ ಗಿಡ ಈಗ ಕಿತ್ರೆ ಸಾಯ್ತವೆ. ಎಲೆ ಉದುರಿದ ಮೇಲೆ ಕೀಳಬೇಕು. ಅಕ್ಟೋಬರ್‌ನಲ್ಲಿ ನಾನು ಬಂದು ಎರಡು ಗಿಡ ತಗೊಂಡು ಹೋಗ್ಬಹುದಾ? ಕೊಂಡ್ಕೊಳ್ಳೋರನ್ನ ಒಂದು ಮಾತು ಕೇಳಿ ಹೇಳ್ತೀರಾ?" ಹುಡುಗ ಪಾಪ ಇದ್ದದ್ದು ಹೇಳಿದ. "ಇಲ್ಲಮ್ಮ, ತೋಟ ಮನೆ ಜೊತೆಗೇ ಹೋಗುತ್ತೆ. ಬೇರು ಬಿಟ್ಟಿರೋದೆಲ್ಲ ಮನೆಗೆ ಸೇರಿದ್ದು" ಅಂದ. ಅವಳು "ಓ, ಸರಿ ಸರಿ" ಅಂದಳು, ತಾನೇ ತಪ್ಪು ಮಾಡಿದವಳ ಹಾಗೆ.

ನನಗೆ ಏನಾಯಿತೋ ಗೊತ್ತಿಲ್ಲ. "ಸಾಕು, ಕ್ಯಾಮೆರಾ ಒಳಗಿಡು, ಫೆರಿ ತಪ್ಪಿಹೋಗುತ್ತೆ ನಿನಗೆ, ನಡಿ" ಎಂದು ಅವನ ತೋಳು ಹಿಡಿದು ಗೇಟಿನ ಆಚೆ ಬಿಟ್ಟೆ. ಫೆರಿ ಸಂಜೆಗಿತ್ತು. ಅಷ್ಟೂ ಹೊತ್ತು ಆ ನುಣುಪು ಬೂಟಿನಲ್ಲಿ ಗಾಳಿಗೆ ಮುದುರಿಕೊಂಡು ಕಟ್ಟೆಯ ಮೇಲೆ ಕೂತಿದ್ದನಂತೆ. ಅದು ನನಗೆ ಹೇಗೆ ಗೊತ್ತಾಯಿತು ಅಂದರೆ, ಯಾದ್ವಿಗಾ ಫ್ಲಾಸ್ಕಿನಲ್ಲಿ ಕಾಫಿ, ಕಾಗದದಲ್ಲಿ ಬನ್ನು ಸುತ್ತಿಕೊಂಡು ಅವನಿಗೆ ಕೊಟ್ಟು ಬಂದಳು. "ಅವನೇನ್ ಮಾಡ್ಯಾನು, ಅವನ ಕೆಲಸ ಅದು" ಎಂದು ನನಗೇ ಬೈದಳು.

ಮಂಗಳವಾರ ಒಬ್ಬಳೇ ಹೋಗಿ ವಕೀಲರನ್ನು ಕಂಡೆ. ನನಗೆ ಈ ಆಸ್ತಿ ಬೇಡ, ಯಾದ್ವಿಗಾಗೆ ಹೋಗಲಿ ಎಂದು ಬರೆದುಕೊಳ್ಳಿ ಅಂದೆ. ಹಾಗೆ ಆಗುವುದಿಲ್ಲ ಎಂದು ಅವರು ತಲೆಯಾಡಿಸಿದರು. ನಾನು ಬೇಡ ಅಂದರೆ ಅದು ನನ್ನ ಮಗಳಿಗೆ ಇಳಿಯುತ್ತದಂತೆ, ಯಾದ್ವಿಗಾಳ ಹತ್ತಿರಕ್ಕೂ ಸುಳಿಯುವುದಿಲ್ಲವಂತೆ. ನಾನು ಮೊದಲು ನನ್ನದೆಂದು ತೆಗೆದುಕೊಂಡು, ಆಮೇಲೆ ದಾನವಾಗಿ ಅವಳ ಹೆಸರಿಗೆ ಮಾಡಿಕೊಡಬೇಕು. ಹಾಗೇ ಮಾಡಿ ಅಂದೆ. ಯೋಚನೆ ಮಾಡಿದ್ದೀರಾ ಎಂದು ಮತ್ತೆ ಮತ್ತೆ ಕೇಳಿದರು. ಹೌದು ಸ್ಟೈನಾರ್, ನನ್ನ ಅರ್ಧ ನಾನು ಅವಳಿಗೆ ಕೊಡುತ್ತಿದ್ದೇನೆ. ಕಾಗದಪತ್ರ ಸಿದ್ಧವಾಗುತ್ತಿದೆ. ಎಲ್ಡ್ರಿದ್‌ಗೆ ಫೋನಿನಲ್ಲಿ ಹೇಳಿದೆ. "ನಿನಗೆ ತಲೆ ಕೆಟ್ಟಿದೆಯಾ ಅಮ್ಮಾ? ನನ್ನನ್ನ ಒಂದು ಮಾತು ಕೇಳ್ಬೇಕು ಅನಿಸ್ಲಿಲ್ವಾ? ನಾನೂ ನಿನ್ನ ಮಗಳೇ ಅಲ್ವಾ?" ಎಂದು ಫೋನ್ ಕುಕ್ಕಿದಳು. ಆಮೇಲೆ ನಾನು ಮಾಡಿದರೂ ಎತ್ತುತ್ತಿಲ್ಲ. ಅವಳ ಮಾತಿನಲ್ಲಿ ತಪ್ಪೇನೂ ಇಲ್ಲ. ಅದಕ್ಕೇ ಹೆಚ್ಚು ಸಂಕಟ.

ಯಾದ್ವಿಗಾ ಸಂತೋಷಪಟ್ಟಳು ಅಂದುಕೊಂಡೆಯಾ? ಕುದಿದು ಹೋದಳು. "ನಾನು ನಿಮ್ಮ ಹತ್ತಿರ ಭಿಕ್ಷೆ ಕೇಳಿದ್ನಾ? ನನ್ನ ತಂಗಿ ಮನೇಲಿ ಮಲಗೋಕೆ ಒಂದು ಸೋಫಾ ಇದೆ, ನಾನು ಹೋಗ್ತೀನಿ. ತಾಯಿ ಮಗಳ ಮಧ್ಯೆ ಬೆಂಕಿ ಹಾಕಿ ಈ ಮನೇಲಿರಲಾ?" ಎಂದು ಅಡುಗೆಮನೆಯ ಪಾತ್ರೆಗಳನ್ನೆಲ್ಲ ದಡದಡ ಕೆಳಗಿಳಿಸಿ ಪೆಟ್ಟಿಗೆಗೆ ತುಂಬತೊಡಗಿದಳು. ನಾನು ಒಂದೊಂದನ್ನೇ ಮತ್ತೆ ಕಪಾಟಿಗೆ ಎತ್ತಿಡುತ್ತಾ ಹೋದೆ. ನನ್ನ ಮಂಡಿ ನೋವು ನೋಡಲಾರದೆ ಕೊನೆಗೆ ಅವಳೇ ಸೋತಳು. ನೆಲದ ಮೇಲೆ ಕೂತು ಅತ್ತಳು. ಹಲ್ವಾರ್ ಸತ್ತ ಮೇಲೆ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. "ಅವನ ಮೇಲೆ ಎಷ್ಟು ಸಿಟ್ಟು ಬರ್ತಿದೆ ಗೊತ್ತಾ ರಾಗ್ನಕ್ಕಾ? ಒಂದು ಸಹಿ. ಒಂದೇ ಒಂದು ಸಹಿ. ಊರಿನವರ ಎಂಜಿನ್ನೆಲ್ಲ ರಿಪೇರಿ ಮಾಡಿದ, ಇದಕ್ಕೆ ಪುರುಸೊತ್ತಾಗ್ಲಿಲ್ಲ" ಅಂದಳು. ಎಲೆ ಉದುರುವವರೆಗಾದರೂ ಇರು ಎಂದು ಬೇಡಿಕೊಂಡೆ. ಅಲ್ಲಿಯವರೆಗೆ ಇರುತ್ತೇನೆ ಎಂದು ಒಪ್ಪಿದ್ದಾಳೆ. ದಾನದ ಮಾತಿಗೆ ಮಾತ್ರ ಇನ್ನೂ ಹೂಂ ಅಂದಿಲ್ಲ.

ಈಗ ನನಗೆ ಭಯ ನಿನ್ನದು. ವಕೀಲರು ಹೇಳಿದರು, ಇಬ್ಬರ ಹೆಸರಿನಲ್ಲಿರುವ ಮನೆಯನ್ನು ಒಬ್ಬರು ಮಾರಲೇಬೇಕು ಎಂದು ಹಟ ಹಿಡಿದರೆ ಮಾರಿಸಬಹುದಂತೆ. ಅಂದರೆ ನನ್ನ ಅರ್ಧ ಅವಳಿಗೆ ಬಂದರೂ ತಲೆಯ ಮೇಲಿನ ಮಾಡು ನಿನ್ನ ಕೈಯಲ್ಲೇ ಇದೆ. ನಿನ್ನ ಅರ್ಧ ಬಿಟ್ಟುಕೊಡು ಎಂದು ನಾನು ಕೇಳುವುದಿಲ್ಲ. ನಿನಗೂ ಖರ್ಚುಗಳಿವೆ. ಅವಳು ಇರುವಷ್ಟು ದಿನ ಮಾರಬೇಡ, ಅಷ್ಟೇ. ನೀನು ಕೆಟ್ಟವನಲ್ಲ. ಹಲ್ವಾರನ ಮನೆಯಲ್ಲಿ ದೀಪ ಉರಿಯುವುದನ್ನು ನೋಡಲಾರದೆ ಅದನ್ನು ಬೇಗ ಕೈಬಿಡಲು ಹೊರಟಿದ್ದೀಯ ಎಂದು ನನ್ನ ಅಂದಾಜು. ತಪ್ಪಿದ್ದರೆ ಹೇಳು. ಹೌದಾದರೂ ಹೇಳು.

ಕೈ ಸೋತಿತು. ಸಿಗ್ನೆಗೆ ನನ್ನ ಪ್ರೀತಿ ತಿಳಿಸು. ಯಾದ್ವಿಗಾ ನಿನ್ನನ್ನು ಕೇಳಿದಳು ಎಂದು ಬರೆಯಲು ಹೇಳಿದ್ದಾಳೆ, ಇಷ್ಟೆಲ್ಲ ಆದ ಮೇಲೂ. ಅಪ್ಪ ಅಮ್ಮನ ಹೆಸರಿನಲ್ಲಿ ನಿನ್ನ ತಲೆ ಸವರುತ್ತೇನೆ, ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ರಾಗ್ನಾ

ಮರೆತ ಮಾತು ಅಲ್ಲ, ಈಗಷ್ಟೇ ಕಿವಿಗೆ ಬಿದ್ದದ್ದು: ಲಕೋಟೆ ಅಂಟಿಸುತ್ತಿದ್ದೆ, ಸಿಗ್ನೆ ಫೋನ್ ಮಾಡಿದಳು. ಮುಂದಿನ ಬುಧವಾರ ನಿನಗೆ ಹೃದಯದ ಆಪರೇಷನ್ ಅಂತೆ! ನನಗೆ ಹೇಳಬೇಡ, ಎಲ್ಲ ಆದ ಮೇಲೆ ಹೇಳಿದರಾಯಿತು ಅಂದೆಯಂತೆ. "ನಾನು ಹೇಳ್ದೆ ಅಂತ ಅವನಿಗೆ ಗೊತ್ತಾಗ್ಬಾರ್ದು" ಎಂದು ಅವಳು ಅತ್ತಳು. ನಾನು ಹೇಳುತ್ತಿದ್ದೇನೆ, ಬೈಯುವುದಿದ್ದರೆ ನನ್ನನ್ನು ಬೈ. ಸ್ಟೈನಾರ್, ನೀನೂ ಸಿಗ್ನೆಯೂ ಮದುವೆಯಾಗಿಲ್ಲ. ನಿಮಗೂ ಮಕ್ಕಳಿಲ್ಲ. ನೀವಿರುವ ಮನೆ ನಿನ್ನೊಬ್ಬನ ಹೆಸರಿನಲ್ಲಿದೆ. ಉಯಿಲು ಬರೆದಿದ್ದಾನಾ ಎಂದು ಕೇಳಿದೆ. ಅದರ ಮಾತೆತ್ತಿದರೆ "ಈಗಲೇ ಯಾಕೆ ಅದೆಲ್ಲ" ಎಂದು ಎದ್ದು ಹೋಗುತ್ತಾನೆ ಅಂದಳು. ನಿನಗೇನಾದರೂ ಆದರೆ ಆ ಮನೆ ಬರುವುದು ನನಗೆ ಕಣೋ, ಅವಳಿಗಲ್ಲ. ನನಗೆ ಇನ್ನೊಬ್ಬ ತಮ್ಮನ ಆಸ್ತಿ ಬೇಡ. ತಮ್ಮ ಬೇಕು. ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ, ನಾನೇ ತರುತ್ತಿದ್ದೇನೆ. ಎದುರಿಗೆ ಕೂತರೆ ನನಗೆ ಮಾತು ಹೊರಡುವುದಿಲ್ಲ, ಆದ್ದರಿಂದ ನಾನು ಕೋಟು ಬಿಚ್ಚುವಷ್ಟರಲ್ಲಿ ಇದನ್ನು ಓದಿ ಮುಗಿಸು. ಹಲ್ವಾರನ ಮನೆಯ ಮಾತು ನೀನು ಎದ್ದು ಓಡಾಡುವಂತಾದ ಮೇಲೆ. ಆಪರೇಷನ್‌ಗೆ ಹೋಗುವ ಮುಂಚೆ ಸಿಗ್ನೆಯ ಹೆಸರಿಗೆ ಬರೆದು ಸಹಿ ಹಾಕು. ವಕೀಲರಿಗೆ ಈಗಲೇ ಫೋನ್ ಮಾಡಿ ಕೇಳಿದೆ, ನಿನ್ನೆದುರು ಒಟ್ಟಿಗೆ ನಿಂತು ಸಾಕ್ಷಿ ಹಾಕಲು ಇಬ್ಬರು ಬೇಕಂತೆ. ಯಾದ್ವಿಗಾ ಇಲ್ಲೇ ಇದ್ದಳು, ಎಲ್ಲ ಕೇಳಿಸಿಕೊಂಡಳು. "ನಡೀರಿ, ನಾಳೆ ಬೆಳಿಗ್ಗೆಯ ಫೆರಿಗೇ ಹೋಗೋಣ" ಎಂದು ಆಗಲೇ ಬ್ಯಾಗು ತುಂಬುತ್ತಿದ್ದಾಳೆ. ನಾವಿಬ್ಬರೂ ಬರುತ್ತಿದ್ದೇವೆ.